ಯುದ್ಧ ನಿಲ್ಲಿಸುತ್ತೇನೆಂದವರನ್ನು ದಿನಾಂಕಕ್ಕಿಂತ ಮೊದಲು ಷರತ್ತು ಕೇಳಬೇಕು

ಮಾನ್ಯ ಸಂಪಾದಕರಿಗೆ,

ತಮ್ಮ ಪತ್ರಿಕೆಯ ಓದುಗರ ಪತ್ರಗಳ ವಿಭಾಗದಲ್ಲಿ ಕಳೆದ ಎರಡು ವಾರಗಳಿಂದ ನಡೆಯುತ್ತಿರುವ ಚರ್ಚೆಯನ್ನು ತಪ್ಪದೆ ಓದುತ್ತಿದ್ದೇನೆ. ಉಕ್ರೇನ್ ಯುದ್ಧವನ್ನು 24 ಗಂಟೆಗಳಲ್ಲಿ ನಿಲ್ಲಿಸುತ್ತೇನೆಂದು ಅಮೆರಿಕದ ಚುನಾವಣೆಯಲ್ಲಿ ಹೇಳಿದ ಡೊನಾಲ್ಡ್ ಟ್ರಂಪ್ ಅವರ ನಿಲುವೇ ಮನುಷ್ಯತ್ವದ ನಿಲುವು ಎಂದು ಶಿವಮೊಗ್ಗದ ಓದುಗರೊಬ್ಬರು ಬರೆದಿದ್ದರು. ಅದಕ್ಕೆ ಉತ್ತರವಾಗಿ ಸಾಗರದ ಇನ್ನೊಬ್ಬ ಓದುಗರು, ಹಾಗೆ ನಿಲ್ಲಿಸುವುದು ದಾಳಿ ಮಾಡಿದವನಿಗೆ ಬಹುಮಾನ ಕೊಟ್ಟಂತೆ, ಎದುರಾಳಿ ಅಭ್ಯರ್ಥಿ ಕಮಲಾ ಹ್ಯಾರಿಸ್ ಅವರು ಅದನ್ನು ವಿರೋಧಿಸಿದ್ದೇ ಸರಿ ಎಂದು ವಾದಿಸಿದರು. ಇಬ್ಬರೂ ಕಳಕಳಿಯಿಂದ ಬರೆದಿದ್ದಾರೆ, ಆ ಬಗ್ಗೆ ನನಗೆ ಸಂಶಯವಿಲ್ಲ. ಆದರೆ ಎರಡು ಪತ್ರಗಳಲ್ಲಿಯೂ, ಅವುಗಳಿಗೆ ಮೂಲವಾದ ತಮ್ಮ ಪತ್ರಿಕೆಯ ವರದಿಗಳಲ್ಲಿಯೂ ನಾನು ಹುಡುಕಿದ ಒಂದು ಸಂಗತಿ ಸಿಗಲಿಲ್ಲ. ಯುದ್ಧ ನಿಲ್ಲುವುದಾದರೆ ಯಾವ ಷರತ್ತಿನ ಮೇಲೆ ನಿಲ್ಲುತ್ತದೆ ಎಂಬುದೇ ಆ ಸಂಗತಿ.

ಈ ಪ್ರಶ್ನೆ ನನ್ನದೆಂದು ಹೇಳಿಕೊಳ್ಳಲಾರೆ. ನಮ್ಮಲ್ಲಿ ಅಡಿಕೆ ಕೊಯ್ಲು ಆರಂಭವಾಗಿ ಸುಲಿಯುವ ಕೆಲಸ ಭರದಿಂದ ಸಾಗುವ ನವೆಂಬರ್ ತಿಂಗಳಿನಲ್ಲಿಯೇ ಅಮೆರಿಕದ ಮತದಾನವೂ ಬರುತ್ತದೆ. 2024ರ ನವೆಂಬರ್‌ನಲ್ಲಿ ನಮ್ಮ ಮನೆಯ ಅಂಗಳದ ಚಪ್ಪರದಲ್ಲಿ ರಾತ್ರಿ ಸುಲಿಯಲು ಕೂತಿದ್ದಾಗ ಹುಡುಗರಿಬ್ಬರು ಮೊಬೈಲಿನಲ್ಲಿ ಆ ಚುನಾವಣೆಯ ಸುದ್ದಿ ನೋಡುತ್ತಾ, ಇವರು ಬಂದರೆ ಯುದ್ಧ ನಿಲ್ಲುತ್ತದೆ, ಅವರು ಬಂದರೆ ಮುಂದುವರಿಯುತ್ತದೆ ಎಂದು ಜೋರಾಗಿ ವಾದಿಸುತ್ತಿದ್ದರು. ಮೂವತ್ತು ವರ್ಷಗಳಿಂದ ನಮ್ಮಲ್ಲಿಗೆ ಸುಲಿಯಲು ಬರುವ ಹಿರಿಯ ಹೆಂಗಸೊಬ್ಬರು ಮೆಟ್ಟುಗತ್ತಿಯಿಂದ ಕಣ್ಣು ತೆಗೆಯದೆ, "ರಾಜಿ ಮಾಡಿಸ್ತಾನಂತೆ, ಆಯ್ತು. ಬೇಲಿ ಎಲ್ಲಿಗೆ ಬರ್ತದಂತೆ?" ಎಂದು ಕೇಳಿದರು. ಹುಡುಗರಿಗೆ ಉತ್ತರ ಗೊತ್ತಿರಲಿಲ್ಲ. ನನಗೂ ಗೊತ್ತಿರಲಿಲ್ಲ. ಆ ತಾಯಿಯ ಕುಟುಂಬ ತನ್ನ ಅರ್ಧ ಎಕರೆ ಜಾಗದ ಗಡಿಯ ವಿಷಯದಲ್ಲಿ ಹದಿನೆಂಟು ವರ್ಷ ಕೋರ್ಟಿಗೆ ಅಲೆದಿದೆ. ರಾಜಿ ಎಂಬ ಮಾತು ಕಿವಿಗೆ ಬಿದ್ದ ಕೂಡಲೇ ಬೇಲಿ ಎಲ್ಲಿ ನಿಲ್ಲುತ್ತದೆಂದು ಕೇಳಬೇಕು ಎಂಬುದನ್ನು ಅವರಿಗೆ ಯಾರೂ ಕಲಿಸಬೇಕಾಗಿಲ್ಲ.

ಆ ರಾತ್ರಿಯ ಪ್ರಶ್ನೆಯನ್ನು ಇಟ್ಟುಕೊಂಡು ಹಳೆಯ ಚುನಾವಣೆಗಳ ಕಥೆಗಳನ್ನು ಮತ್ತೆ ಓದಿದೆ. ಓದಿದಷ್ಟೂ ಒಂದು ವಿಷಯ ಸ್ಪಷ್ಟವಾಗುತ್ತಾ ಹೋಯಿತು. ಯುದ್ಧ ನಿಲ್ಲಿಸುವ ಬಗ್ಗೆ ಅಭ್ಯರ್ಥಿಗಳು ಪರಸ್ಪರ ಕಚ್ಚಾಡಿದಾಗಲೆಲ್ಲ ಅವರ ಜಗಳ ದಿನಾಂಕದ ಸುತ್ತ ಅಥವಾ ಧೈರ್ಯ-ಹೇಡಿತನದ ಸುತ್ತ ಸುತ್ತಿದೆ. ಯುದ್ಧ ನಿಜವಾಗಿ ಕಗ್ಗಂಟಾಗಿ ಕೂತಿದ್ದ ಜಾಗ ಮಾತ್ರ ಬೇರೆಲ್ಲೋ ಇತ್ತು, ಮತದಾರರಿಗೆ ಅದನ್ನು ತೋರಿಸಿಕೊಟ್ಟವರು ಕಡಿಮೆ.

1952ರ ಕೊರಿಯಾ ಯುದ್ಧವನ್ನೇ ನೋಡಬಹುದು. ಆ ವರ್ಷದ ಅಕ್ಟೋಬರ್ 24ರಂದು ಡೆಟ್ರಾಯಿಟ್ ನಗರದ ಸಭೆಯಲ್ಲಿ ಅಮೆರಿಕದ ಅಧ್ಯಕ್ಷ ಚುನಾವಣೆಗೆ ನಿಂತಿದ್ದ ರಿಪಬ್ಲಿಕನ್ ಪಕ್ಷದ ಅಭ್ಯರ್ಥಿ ಐಸೆನ್‌ಹೋವರ್, ಗೆದ್ದರೆ ತಾನೇ ಕೊರಿಯಾಕ್ಕೆ ಹೋಗುವುದಾಗಿ ಘೋಷಿಸಿದರು. ಎದುರಾಳಿ ಸ್ಟೀವನ್‌ಸನ್ ಕಡೆಯವರು ಅದನ್ನು ಮತ ಸೆಳೆಯುವ ತಂತ್ರವೆಂದು ಟೀಕಿಸಿದರು. ಹೋಗಿ ಏನು ಮಾಡುತ್ತಾರೆ ಎಂಬುದು ಘೋಷಣೆಯಲ್ಲಿಯೂ ಇರಲಿಲ್ಲ, ಟೀಕೆಯಲ್ಲಿಯೂ ಮುಖ್ಯವಾಗಲಿಲ್ಲ. ಅವರು ಗೆದ್ದರು, ಡಿಸೆಂಬರ್‌ನಲ್ಲಿ ಹೋಗಿ ಬಂದರು. ಆದರೆ ಮಾತುಕತೆ ಆಗ ನಿಂತುಹೋಗಿದ್ದದ್ದು ಯುದ್ಧಕೈದಿಗಳ ವಿಷಯದಲ್ಲಿ. ಎಲ್ಲ ಕೈದಿಗಳನ್ನೂ ಹಿಂದಿರುಗಿಸಲೇಬೇಕೆಂದು ಚೀನಾ ಮತ್ತು ಉತ್ತರ ಕೊರಿಯಾ ಪಟ್ಟು ಹಿಡಿದಿದ್ದವು. ಹೋಗಲೊಲ್ಲದವರನ್ನು ಬಲವಂತವಾಗಿ ಕಳುಹಿಸುವುದಿಲ್ಲವೆಂದು ಅಮೆರಿಕ ಹೇಳುತ್ತಿತ್ತು. ಈ ಒಂದು ಗಂಟು ಬಿಡಿಸಲಾಗದೆ ಯುದ್ಧ ಒಂದು ವರ್ಷಕ್ಕೂ ಹೆಚ್ಚು ಕಾಲ ಬೆಳೆಯಿತು. 1953ರ ಮಾರ್ಚ್‌ನಲ್ಲಿ ಉತ್ತರದವರ ಬೆನ್ನಿಗಿದ್ದ ಸೋವಿಯತ್ ನಾಯಕ ಸ್ಟಾಲಿನ್ ತೀರಿಕೊಂಡರು, ಜುಲೈ 27ರಂದು ಪನ್‌ಮುನ್‌ಜೋಮ್‌ನಲ್ಲಿ ಕದನವಿರಾಮಕ್ಕೆ ಸಹಿ ಬಿತ್ತು.

ಆ ಗಂಟನ್ನು ಬಿಡಿಸಲು ಹೋದವರು ಯಾರೆಂಬುದು ನಮ್ಮ ನಾಡಿನ ಮಕ್ಕಳಿಗೆ ಗೊತ್ತಿರಬೇಕಾಗಿತ್ತು. ಮರಳಿ ಹೋಗಲೊಲ್ಲದ 22,000ಕ್ಕೂ ಹೆಚ್ಚು ಕೈದಿಗಳ ಹೊಣೆಯನ್ನು ಒಂದು ತಟಸ್ಥ ರಾಷ್ಟ್ರಗಳ ಆಯೋಗಕ್ಕೆ ವಹಿಸಲಾಯಿತು. ಅದರ ಅಧ್ಯಕ್ಷರಾಗಿದ್ದವರು ಕೊಡಗಿನ ಜನರಲ್ ಕೆ. ಎಸ್. ತಿಮ್ಮಯ್ಯ. ಕೈದಿಗಳನ್ನು ಕಾಯಲು ಭಾರತದ ಪಡೆಯೇ ಹೋಯಿತು. ಆ ಪಡೆ ತನ್ನ ನೆಲದ ಮೇಲೆ ಕಾಲಿಡಕೂಡದೆಂದು ದಕ್ಷಿಣ ಕೊರಿಯಾದ ಅಧ್ಯಕ್ಷರು ಹಟ ಹಿಡಿದುದರಿಂದ, ಹಡಗಿನಲ್ಲಿ ಬಂದ ನಮ್ಮ ಸೈನಿಕರನ್ನು ಹೆಲಿಕಾಪ್ಟರ್‌ಗಳಲ್ಲಿ ಗಡಿಯ ನಡುಪಟ್ಟಿಗೆ ಸಾಗಿಸಬೇಕಾಯಿತು. ಎರಡೂ ಕಡೆಯವರ ಬೈಗುಳ ಕೇಳಿಕೊಂಡು, ಒಂದು ಚಳಿಗಾಲವಿಡೀ ಮುಳ್ಳುತಂತಿಯ ಪಕ್ಕದಲ್ಲಿ ನಿಂತು ಅವರು ಆ ಕೆಲಸ ಮುಗಿಸಿದರು. ಎರಡೂ ಕಡೆ ಒಲ್ಲೆವೆಂದ 80ಕ್ಕೂ ಹೆಚ್ಚು ಕೈದಿಗಳು ಕೊನೆಗೆ ನಮ್ಮ ಪಡೆಯೊಂದಿಗೆ ಭಾರತಕ್ಕೇ ಬಂದರು. ಡೆಟ್ರಾಯಿಟ್‌ನ ಒಂದು ಸಾಲಿನ ಘೋಷಣೆಯನ್ನು ಲೋಕ ಇಂದಿಗೂ ನೆನಪಿಟ್ಟುಕೊಂಡಿದೆ. ತಿಮ್ಮಯ್ಯನವರು ಮಾಡಿದ ಕೆಲಸ ಮಾತ್ರ ಕೊಡಗಿನಿಂದ ಬಹಳ ದೂರವಿಲ್ಲದ ನಮ್ಮ ಶಾಲೆಗಳಲ್ಲಿಯೂ ಅಪರಿಚಿತ. ಮುಂದೆ ಸೈಪ್ರಸ್‌ನಲ್ಲಿ ವಿಶ್ವಸಂಸ್ಥೆಯ ಶಾಂತಿಪಡೆಯನ್ನು ಮುನ್ನಡೆಸುತ್ತಿದ್ದಾಗಲೇ, 1965ರಲ್ಲಿ, ಅವರು ಅಲ್ಲಿಯೇ ತೀರಿಕೊಂಡರು ಎಂಬುದನ್ನು ಬರೆಯುವಾಗ ನನಗೆ ಹೆಮ್ಮೆಯೂ ಸಂಕಟವೂ ಒಟ್ಟಿಗೆ ಆಗುತ್ತದೆ.

1968ರ ವಿಯೆಟ್ನಾಂ ಕಥೆಯನ್ನು ತಮ್ಮ ಗಮನಕ್ಕೆ ತರಲು ಬೇರೊಂದು ಕಾರಣವಿದೆ, ಅದು ಪತ್ರಿಕೆಗಳಿಗೆ ಸಂಬಂಧಿಸಿದ್ದು. ಆ ಚುನಾವಣೆಯಲ್ಲಿ ರಿಚರ್ಡ್ ನಿಕ್ಸನ್ ಅವರು ಯುದ್ಧ ಮುಗಿಸಲು ತಮ್ಮ ಬಳಿ ರಹಸ್ಯ ಯೋಜನೆಯಿದೆ ಎಂದು ಹೇಳಿದ್ದರೆಂಬ ಮಾತನ್ನು ನಾವೆಲ್ಲ ಕೇಳಿದ್ದೇವೆ. ಆ ಎರಡು ಪದಗಳನ್ನು ನಿಕ್ಸನ್ ಬಳಸಿರಲಿಲ್ಲ. ಹೊಸ ನಾಯಕತ್ವ ಬಂದರೆ ಯುದ್ಧ ಮುಗಿಸುತ್ತದೆ ಎಂದಷ್ಟೇ ಅವರು ಹೇಳಿದ್ದನ್ನು ವರದಿಗಾರರೊಬ್ಬರು ತಮ್ಮ ಸುದ್ದಿಯಲ್ಲಿ ಆ ರೀತಿ ಚುಟುಕುಗೊಳಿಸಿದರು. ಆ ನುಡಿಗಟ್ಟು ಅಭ್ಯರ್ಥಿಯ ಹೆಸರಿಗೆ ಅಂಟಿಕೊಂಡಿತು. ವಿವರ ಹೇಳದೆ ತಪ್ಪಿಸಿಕೊಳ್ಳಲು ಅದು ಅವರಿಗೆ ಅನುಕೂಲವೂ ಆಯಿತು, ಏಕೆಂದರೆ ಯೋಜನೆಯೇ ರಹಸ್ಯವೆಂದಾದ ಮೇಲೆ ಅದರಲ್ಲಿ ಏನಿದೆ ಎಂದು ಕೇಳುವವನೇ ಅವಿವೇಕಿಯಾಗುತ್ತಾನೆ.

ಅದೇ ಚುನಾವಣೆಯಲ್ಲಿ ಷರತ್ತಿನ ಮಾತನ್ನು ಸ್ವಲ್ಪವಾದರೂ ಬಿಡಿಸಿ ಹೇಳಿದವರು ಎದುರಾಳಿ ಹ್ಯೂಬರ್ಟ್ ಹಂಫ್ರಿ. ಸೆಪ್ಟೆಂಬರ್ 30ರಂದು ಸಾಲ್ಟ್ ಲೇಕ್ ಸಿಟಿಯಿಂದ ಮಾಡಿದ ಭಾಷಣದಲ್ಲಿ, ಉತ್ತರ ವಿಯೆಟ್ನಾಂ ಮೇಲಿನ ಬಾಂಬ್ ದಾಳಿಯನ್ನು ನಿಲ್ಲಿಸಲು ತಾನು ಸಿದ್ಧನೆಂದೂ ಶಾಂತಿಗಾಗಿ ಆ ಅಪಾಯವನ್ನು ಎದುರಿಸಬಹುದೆಂದೂ ಅವರು ಹೇಳಿದರು. ತಮ್ಮದೇ ಪಕ್ಷದ ಅಧ್ಯಕ್ಷ ಜಾನ್ಸನ್ ಅವರ ಸಿಟ್ಟಿಗೆ ಗುರಿಯಾಗಬಹುದೆಂದು ಗೊತ್ತಿದ್ದೂ ಹೇಳಿದರು. ಅಕ್ಟೋಬರ್ 31ರಂದು ಜಾನ್ಸನ್ ಅವರೇ ಬಾಂಬ್ ದಾಳಿ ನಿಲ್ಲಿಸುವುದಾಗಿ ಪ್ರಕಟಿಸಿದರು. ಮತದಾನ ನವೆಂಬರ್ 5ಕ್ಕಿತ್ತು. ಅದಕ್ಕೆ ಮೂರು ದಿನ ಮುಂಚೆ ದಕ್ಷಿಣ ವಿಯೆಟ್ನಾಂನ ಅಧ್ಯಕ್ಷರು ಪ್ಯಾರಿಸ್ ಮಾತುಕತೆಗೆ ಬರುವುದಿಲ್ಲವೆಂದು ಹೇಳಿಬಿಟ್ಟರು. ಚುನಾವಣೆ ಮುಗಿಯುವವರೆಗೆ ಕಾದರೆ ಒಳ್ಳೆಯ ಷರತ್ತು ಸಿಗುತ್ತದೆಂಬ ಸಂದೇಶ ನಿಕ್ಸನ್ ಪಾಳೆಯದಿಂದ ಅವರಿಗೆ ಹೋಗುತ್ತಿತ್ತು. ಜಾನ್ಸನ್ ಅವರ ಶಾಂತಿ ಪ್ರಯತ್ನಕ್ಕೆ ಅಡ್ಡಗಾಲು ಹಾಕಲು ನಿಕ್ಸನ್ ಅವರೇ ಸೂಚಿಸಿದ್ದರೆಂಬುದು ಅವರ ಆಪ್ತ ಹಾಲ್ಡೆಮನ್ ಬರೆದಿಟ್ಟ ಟಿಪ್ಪಣಿಗಳಿಂದ ದಶಕಗಳ ನಂತರ ಹೊರಬಂದಿತು. ಪ್ಯಾರಿಸ್ ಒಪ್ಪಂದಕ್ಕೆ ಸಹಿಯಾದದ್ದು 1973ರ ಜನವರಿ 27ರಂದು. ನಿಕ್ಸನ್ ಅಧಿಕಾರ ವಹಿಸಿಕೊಂಡ ಮೇಲೆ ಸತ್ತ ಅಮೆರಿಕನ್ ಸೈನಿಕರೇ 20,000ಕ್ಕೂ ಹೆಚ್ಚು. ವಿಯೆಟ್ನಾಂ ಜನರ ಸಾವು ಅದರ ಹತ್ತಾರು ಪಟ್ಟು.

ಶೀರ್ಷಿಕೆಯೊಂದು ಹೇಗೆ ಅರ್ಥವನ್ನೇ ತಿರುಗಿಸುತ್ತದೆ ಎಂಬುದಕ್ಕೆ 2008ರ ಅಮೆರಿಕದ ಚುನಾವಣೆಯ ಉದಾಹರಣೆಯೂ ಇದೆ. ಇರಾಕಿನಲ್ಲಿ ಅಮೆರಿಕದ ಸೇನೆ 50 ವರ್ಷ ಇರಬೇಕಾದೀತೆಂಬ ಮಾತಿನ ಬಗ್ಗೆ ಸಭಿಕರೊಬ್ಬರು ಕೇಳಿದಾಗ ರಿಪಬ್ಲಿಕನ್ ಪಕ್ಷದ ಜಾನ್ ಮೆಕೇನ್ ಅವರು ನೂರು ವರ್ಷವಾದರೂ ಇರಲಿ ಎಂದರು. ಆದರೆ ನಮ್ಮವರು ಸಾಯದೆ, ಗಾಯಗೊಳ್ಳದೆ, ಜಪಾನ್ ಮತ್ತು ಕೊರಿಯಾದಲ್ಲಿ ಇರುವಂತೆ ಇರುವುದಾದರೆ ಎಂಬ ಷರತ್ತನ್ನು ಅದಕ್ಕೆ ಸೇರಿಸಿದ್ದರು. ಪ್ರಚಾರದಲ್ಲಿ ಉಳಿದದ್ದು ನೂರು ವರ್ಷದ ಯುದ್ಧವೆಂಬ ಮಾತು ಮಾತ್ರ. ಇನ್ನೊಂದೆಡೆ ಬರಾಕ್ ಒಬಾಮ ಅವರು 16 ತಿಂಗಳಲ್ಲಿ ಕಾದಾಡುವ ಪಡೆಗಳನ್ನು ಹಿಂದಕ್ಕೆ ಕರೆಸುವುದಾಗಿ ಹೇಳಿದ್ದನ್ನು ಮೆಕೇನ್ ಕಡೆಯವರು ಸೋಲೊಪ್ಪಿಕೊಳ್ಳುವ ದಿನಾಂಕವೆಂದು ಜರೆದರು. ಈ ನೂರು ಮತ್ತು ಹದಿನಾರರ ಜಗಳದಲ್ಲಿ ಅಮೆರಿಕದ ಮತದಾರರು ಮುಳುಗಿದ್ದಾಗ, ನಿಜವಾದ ದಿನಾಂಕ ಬಾಗ್ದಾದಿನಲ್ಲಿ ತೀರ್ಮಾನವಾಗುತ್ತಿತ್ತು. ಇರಾಕ್ ಸರ್ಕಾರ ಮತ್ತು ನಿರ್ಗಮಿಸುತ್ತಿದ್ದ ಬುಷ್ ಸರ್ಕಾರದ ನಡುವೆ 2008ರ ನವೆಂಬರ್‌ನಲ್ಲಿ ಆದ ಒಪ್ಪಂದವು 2011ರ ಡಿಸೆಂಬರ್ 31ರೊಳಗೆ ಎಲ್ಲ ಪಡೆಗಳೂ ಹೊರಡಬೇಕೆಂದು ಗೊತ್ತುಪಡಿಸಿತು. ಕೊನೆಯ ತುಕಡಿ ಹೊರಟದ್ದು ಹೆಚ್ಚುಕಡಿಮೆ ಅದೇ ಗಡುವಿಗೆ, ಡಿಸೆಂಬರ್ 18ರಂದು. ಹೊರಟ ನಂತರದ ಇರಾಕನ್ನು ಯಾರು ಹೇಗೆ ಕಾಯುತ್ತಾರೆ ಎಂಬ ಪ್ರಶ್ನೆ ಎರಡೂ ಪಾಳೆಯಗಳಲ್ಲಿ ಹಿಂದೆ ಬಿದ್ದಿತ್ತು. 2014ರ ಜೂನ್‌ನಲ್ಲಿ ಮೊಸೂಲ್ ನಗರ ಐಸಿಸ್ ಉಗ್ರರ ಕೈಗೆ ಬಿದ್ದು ಸೈನಿಕರು ಮತ್ತೆ ಹೋಗಬೇಕಾಯಿತು.

ಇವೆಲ್ಲ ದೂರದ ದೇಶಗಳ ಮಾತು, ತೀರ್ಥಹಳ್ಳಿಯ ಅಡಿಕೆ ಬೆಳೆಗಾರನಿಗೆ ಇದರ ಗೊಡವೆ ಏಕೆ ಎಂದು ಯಾರಾದರೂ ಕೇಳಬಹುದು. 2022ರಲ್ಲಿ ರಷ್ಯಾ ಮತ್ತು ಬೆಲಾರಸ್ ಕಡೆಯಿಂದ ಬರುವ ಪೊಟ್ಯಾಷ್ ದುರ್ಲಭವಾಗಿ 50 ಕೆ.ಜಿ. ಚೀಲಕ್ಕೆ ₹1,700 ಕೊಟ್ಟು ತೋಟಕ್ಕೆ ಹಾಕಿದವರು ನಾವು. ಅದೇ ವರ್ಷ ಮಾರ್ಚ್ 1ರಂದು, ನೆರೆಯ ಹಾವೇರಿ ಜಿಲ್ಲೆಯಿಂದ ವೈದ್ಯಕೀಯ ಓದಲು ಹೋಗಿದ್ದ ಹುಡುಗನೊಬ್ಬ ಖಾರ್ಕಿವ್ ನಗರದಲ್ಲಿ ಶೆಲ್ ದಾಳಿಗೆ ಬಲಿಯಾದ ಸುದ್ದಿ ಬಂದ ಸಂಜೆ ನಮ್ಮ ಊರಿನ ಅನೇಕ ಮನೆಗಳಲ್ಲಿ ಊಟ ಇಳಿಯಲಿಲ್ಲ. ಆದರೆ ಈ ವಿಷಯ ನನ್ನ ಮನಸ್ಸಿಗೆ ಇಷ್ಟು ಹತ್ತಿರವಾಗಲು ಅದಕ್ಕಿಂತ ಹಳೆಯದಾದ, ನಮ್ಮ ಮನೆಯದೇ ಆದ ಕಾರಣವಿದೆ.

ನನ್ನ ಅಣ್ಣ ಸೈನ್ಯದಲ್ಲಿದ್ದರು. 1987ರ ಜುಲೈ 29ರಂದು ಆದ ಭಾರತ-ಶ್ರೀಲಂಕಾ ಒಪ್ಪಂದದಂತೆ ಹೋದ ಭಾರತೀಯ ಶಾಂತಿಪಾಲನಾ ಪಡೆಯಲ್ಲಿ ಅವರೂ ಹೋದರು. ಶಾಂತಿ ಕಾಯಲು ಹೋದ ಪಡೆ ಅಕ್ಟೋಬರ್ ಹೊತ್ತಿಗೆ ತಮಿಳು ಪ್ರತ್ಯೇಕತಾವಾದಿ ಸಂಘಟನೆಯಾದ ಎಲ್‌ಟಿಟಿಇ ವಿರುದ್ಧ ಜಾಫ್ನಾದಲ್ಲಿ ಕಾದಾಡುತ್ತಿತ್ತು. ಅಲ್ಲಿಂದ ಬರುತ್ತಿದ್ದ ನೀಲಿ ಇನ್‌ಲ್ಯಾಂಡ್ ಪತ್ರಗಳಲ್ಲಿ ಊರಿನ ಹೆಸರು ಬರೆಯುವಂತಿರಲಿಲ್ಲ. ಅಮ್ಮ ಭದ್ರಾವತಿ ಆಕಾಶವಾಣಿಯ ವಾರ್ತೆಗೆ ಕಿವಿಗೊಟ್ಟು, ಶ್ರೀಲಂಕಾ ಎಂಬ ಪದ ಬಂದ ಕೂಡಲೇ ಒಲೆಯ ಮುಂದಿನಿಂದ ಎದ್ದು ಬರುತ್ತಿದ್ದರು.

1988ರ ಡಿಸೆಂಬರ್‌ನಲ್ಲಿ ಶ್ರೀಲಂಕಾದ ಅಧ್ಯಕ್ಷ ಚುನಾವಣೆ ನಡೆಯಿತು. ರಣಸಿಂಘೆ ಪ್ರೇಮದಾಸ ಮತ್ತು ಸಿರಿಮಾವೋ ಬಂಡಾರನಾಯಕೆ ಅವರು ಉಳಿದೆಲ್ಲ ವಿಷಯಗಳಲ್ಲಿ ಎದುರಾಳಿಗಳಾಗಿದ್ದರೂ ಭಾರತದ ಪಡೆಯನ್ನು ಹೊರಗೆ ಕಳುಹಿಸುವ ಮಾತಿನಲ್ಲಿ ಒಬ್ಬರನ್ನೊಬ್ಬರು ಮೀರಿಸಲು ನೋಡಿದರು. ಗೆದ್ದ ಪ್ರೇಮದಾಸ ಅವರು 1989ರ ಜುಲೈ 29ರೊಳಗೆ ಪಡೆ ಪೂರ್ತಿಯಾಗಿ ಹೊರಡಬೇಕೆಂದು ಗಡುವು ಹಾಕಿದರು. ರಾಜೀವ್ ಗಾಂಧಿ ಅವರು ತಮಿಳರ ಸುರಕ್ಷತೆ ಖಚಿತವಾಗದೆ ಹೊರಡಲಾಗದು ಎಂದರು. ಆ ವರ್ಷದ ನವೆಂಬರ್‌ನಲ್ಲಿ ನಮ್ಮಲ್ಲಿಯೂ ಲೋಕಸಭಾ ಚುನಾವಣೆ ಬಂದಾಗ ಪಡೆಯನ್ನು ಕಳುಹಿಸಿದ್ದೇ ತಪ್ಪೆಂದು, ಹಿಂದಕ್ಕೆ ಕರೆಸುತ್ತೇವೆಂದು ವಿ. ಪಿ. ಸಿಂಗ್ ಅವರ ಕಡೆಯವರು ಹೇಳಿದರು. ನಾನು ಆ ಚುನಾವಣೆಯಲ್ಲಿ ಅದೊಂದೇ ಕಾರಣಕ್ಕೆ ಮತ ಹಾಕಿದೆ. ಅಣ್ಣ ಬೇಗ ಮನೆಗೆ ಬರಲಿ ಎಂಬುದಷ್ಟೇ ನನಗಿದ್ದದ್ದು. ಅದನ್ನು ತಪ್ಪೆಂದು ಈಗಲೂ ನಾನು ಹೇಳಲಾರೆ.

ಮತದಾನ ಮುಗಿದ ಒಂದು ವಾರಕ್ಕೆ ಅಣ್ಣನ ಪತ್ರ ಬಂತು. ಅದು ಈಗಲೂ ನಮ್ಮ ಅಟ್ಟದ ಟ್ರಂಕಿನಲ್ಲಿದೆ, ಮಡಿಕೆಯ ಗೆರೆಗಳು ಹರಿಯುವಂತಾಗಿವೆ. ಅದರಲ್ಲಿ ಅಮ್ಮನ ಮಂಡಿನೋವಿನ ವಿಚಾರ, ತೋಟಕ್ಕೆ ಕೊಳೆರೋಗಕ್ಕೆ ಬೋರ್ಡೋ ದ್ರಾವಣ ಹೊಡೆಸಿದ್ದೀರಾ ಎಂಬ ವಿಚಾರಣೆ ಎಲ್ಲ ಮುಗಿದ ಮೇಲೆ ಕೆಳಗಿನ ಅಂಚಿನಲ್ಲಿ ಒತ್ತೊತ್ತಾಗಿ ಹೀಗೆ ಬರೆದಿದ್ದಾರೆ: "ನಾವು ಯಾವಾಗ ಹೊರಡಬೇಕು ಅಂತ ಇಲ್ಲಿನವರೂ ಹೇಳ್ತಾರೆ, ಅಲ್ಲಿನವರೂ ಹೇಳ್ತಾರೆ. ನಾವು ಹೊರಟ ಮೇಲೆ ಈ ರಸ್ತೆಯಲ್ಲಿ ಹೂತಿಟ್ಟಿರುವುದನ್ನು ಯಾರು ತೆಗೀತಾರೆ, ನಮ್ಮ ಜೊತೆ ನಿಂತ ಈ ಊರಿನವರು ಎಲ್ಲಿಗೆ ಹೋಗಬೇಕು ಅಂತ ಯಾರೂ ಹೇಳ್ತಿಲ್ಲ."

ಭಾರತದ ಕೊನೆಯ ಸೈನಿಕರು ತ್ರಿಂಕೋಮಲಿಯಿಂದ ಹೊರಟದ್ದು 1990ರ ಮಾರ್ಚ್ 24ರಂದು. ಅಷ್ಟರೊಳಗೆ ನಮ್ಮವರು ಸಾವಿರಕ್ಕೂ ಹೆಚ್ಚು ಮಂದಿ ಅಲ್ಲಿ ಪ್ರಾಣ ಕೊಟ್ಟಿದ್ದರು. ಪಡೆ ಹೊರಟಿತು, ಭರವಸೆ ಈಡೇರಿತು, ಅಣ್ಣ ಬಲಗಿವಿಯ ಶ್ರವಣ ಕಳೆದುಕೊಂಡು ಮನೆಗೆ ಬಂದರು. ಮೂರು ತಿಂಗಳಾಗುವಷ್ಟರಲ್ಲಿ, ಜೂನ್‌ನಲ್ಲಿ, ಶ್ರೀಲಂಕಾ ಸರ್ಕಾರ ಮತ್ತು ಎಲ್‌ಟಿಟಿಇ ನಡುವೆ ಮತ್ತೆ ಯುದ್ಧ ಹೊತ್ತಿಕೊಂಡು ಪೂರ್ವ ಪ್ರಾಂತ್ಯದಲ್ಲಿ ಶರಣಾದ ನೂರಾರು ಪೊಲೀಸರ ಹತ್ಯೆಯಾಯಿತು. 1991ರ ಮೇ 21ರಂದು ರಾಜೀವ್ ಗಾಂಧಿ, 1993ರ ಮೇ 1ರಂದು ಪ್ರೇಮದಾಸ, ಹೀಗೆ ಅಂದು ದಿನಾಂಕಕ್ಕಾಗಿ ವಾದಿಸಿದ ಇಬ್ಬರೂ ಬಾಂಬಿಗೆ ಬಲಿಯಾದರು. ಯುದ್ಧ ಮುಗಿದದ್ದು 2009ರ ಮೇ ತಿಂಗಳಿನಲ್ಲಿ, ಅದೂ ಎಂಥ ರಕ್ತಪಾತದಲ್ಲಿ ಎಂಬುದು ತಮಗೆ ತಿಳಿದಿದೆ. ನಾನು ಮತ ಹಾಕಿದ್ದು ಯುದ್ಧ ನಿಲ್ಲಿಸುವುದಕ್ಕೆಂದು ಅಂದು ತಿಳಿದಿದ್ದೆ. ನಾನು ಮತ ಹಾಕಿದ್ದು ನಮ್ಮವರು ಹೊರಬರುವುದಕ್ಕೆ. ಈ ಎರಡರ ನಡುವಿನ ಅಂತರವನ್ನು ಯಾವ ಅಭ್ಯರ್ಥಿಯೂ ನನಗೆ ತಿಳಿಸಿ ಹೇಳಲಿಲ್ಲ, ಅಂದು ನಾನು ಓದುತ್ತಿದ್ದ ಪತ್ರಿಕೆಯೂ ಹೇಳಲಿಲ್ಲ.

2005ರಲ್ಲಿ ಅದೇ ದ್ವೀಪದಲ್ಲಿ ಇನ್ನೊಂದು ಚುನಾವಣೆ ನಡೆಯಿತು. 2002ರ ಫೆಬ್ರುವರಿಯಲ್ಲಿ ನಾರ್ವೆಯ ಮಧ್ಯಸ್ಥಿಕೆಯಲ್ಲಿ ಕದನವಿರಾಮಕ್ಕೆ ಸಹಿ ಹಾಕಿದ್ದ ರನಿಲ್ ವಿಕ್ರಮಸಿಂಘೆ ಒಂದು ಕಡೆ, ಆ ಕರಾರನ್ನೇ ಮರುಪರಿಶೀಲಿಸಬೇಕೆಂದ ಮಹಿಂದ ರಾಜಪಕ್ಸೆ ಇನ್ನೊಂದು ಕಡೆ. ಉತ್ತರದ ತಮಿಳರು ಮತಗಟ್ಟೆಗೆ ಬಾರದಂತೆ ಎಲ್‌ಟಿಟಿಇ ನೋಡಿಕೊಂಡಿತು, ರಾಜಪಕ್ಸೆ ಅವರು ಶೇ 50.29 ಮತಗಳಿಂದ ಗೆದ್ದರು. ಯುದ್ಧದ ನಡುವೆಯೇ ಬದುಕುತ್ತಿದ್ದ ಜನರ ಮತವಿಲ್ಲದೆಯೇ ಯುದ್ಧದ ಪ್ರಶ್ನೆ ತೀರ್ಮಾನವಾಯಿತು. ಉಕ್ರೇನಿನ ವಿಷಯದಲ್ಲಿ ಅಮೆರಿಕದ ಅಭ್ಯರ್ಥಿಗಳ ಜಗಳ ಓದುವಾಗಲೂ ನನಗೆ ಇದೇ ನೆನಪಾಗುತ್ತದೆ, ಏಕೆಂದರೆ ಅಲ್ಲಿಯೂ ಮತ ಹಾಕುವವರ ಮನೆಯ ಮೇಲೆ ಶೆಲ್ ಬೀಳುವುದಿಲ್ಲ.

ಇನ್ನು ತಮ್ಮ ಓದುಗರಿಬ್ಬರ ಚರ್ಚೆಗೆ ಬರುತ್ತೇನೆ. 2024ರ ಸೆಪ್ಟೆಂಬರ್ 10ರಂದು ಫಿಲಡೆಲ್ಫಿಯಾದಲ್ಲಿ ನಡೆದ ಸಂವಾದದಲ್ಲಿ, ಉಕ್ರೇನ್ ಗೆಲ್ಲಬೇಕೆಂದು ಬಯಸುತ್ತೀರಾ ಎಂದು ನೇರವಾಗಿ ಕೇಳಿದಾಗ ಟ್ರಂಪ್ ಅವರು ಹೌದು ಅಥವಾ ಇಲ್ಲ ಎನ್ನದೆ ಯುದ್ಧ ನಿಲ್ಲಬೇಕು, ಜೀವ ಉಳಿಯಬೇಕು ಎಂದರು. ಹ್ಯಾರಿಸ್ ಅವರು, ಟ್ರಂಪ್ ಅಧಿಕಾರದಲ್ಲಿದ್ದಿದ್ದರೆ ಪುಟಿನ್ ಇಷ್ಟು ಹೊತ್ತಿಗೆ ಕೀವ್ ನಗರದಲ್ಲಿ ಕೂತಿರುತ್ತಿದ್ದರು ಎಂದು ತಿರುಗೇಟು ಕೊಟ್ಟರು. ಆದರೆ ಯುದ್ಧ ಎಲ್ಲಿಗೆ ಬಂದು ಮುಗಿಯಬೇಕು ಎಂಬುದನ್ನು ಅವರೂ ಅಂದು ಬಿಡಿಸಿ ಹೇಳಲಿಲ್ಲ. ಬೇಲಿ ಎಲ್ಲಿ ನಿಲ್ಲುತ್ತದೆಂದು ಅಷ್ಟಿಷ್ಟಾದರೂ ಹೇಳಿದವರು ಟ್ರಂಪ್ ಅವರ ಉಪಾಧ್ಯಕ್ಷ ಅಭ್ಯರ್ಥಿ ಜೆ. ಡಿ. ವ್ಯಾನ್ಸ್. ಎರಡೂ ಸೇನೆಗಳು ಆಗ ನಿಂತಿದ್ದ ಗೆರೆಯ ಸುತ್ತ ಸೇನಾರಹಿತ ಪಟ್ಟಿ, ಉಕ್ರೇನ್ ಪಾಶ್ಚಾತ್ಯ ದೇಶಗಳ ಸೇನಾಕೂಟವಾದ ನ್ಯಾಟೊ ಸೇರದೆ ತಟಸ್ಥವಾಗಿರುವುದು, ಇವು ಅವರು ಆ ಸೆಪ್ಟೆಂಬರ್‌ನಲ್ಲಿ ಹೇಳಿದ ಸಂಗತಿಗಳು. ಅದನ್ನು ಒಪ್ಪುವುದು ಬಿಡುವುದು ಬೇರೆ ಮಾತು. ನನಗೆ ಒಪ್ಪಿಗೆಯಿಲ್ಲ, ಬಲಾತ್ಕಾರದಿಂದ ಒತ್ತುವರಿಯಾದ ಜಾಗದ ಮೇಲೆ ಬೇಲಿ ಕಟ್ಟಿಕೊಟ್ಟರೆ ಅದು ನಾಳೆಯ ಜಗಳಕ್ಕೆ ಬೀಜವಾಗುತ್ತದೆಂದೇ ನಾನು ತಿಳಿದಿದ್ದೇನೆ. ಆದರೂ ಅದು ಚರ್ಚಿಸಬಹುದಾದ ಮಾತಾಗಿತ್ತು. 24 ಗಂಟೆಗಳ ಮಾತು ತಮ್ಮ ಪತ್ರಿಕೆಯಲ್ಲಿ ಎಷ್ಟು ಬಾರಿ ಬಂದಿತೋ ನಾನು ಎಣಿಸಲಿಲ್ಲ, ವ್ಯಾನ್ಸ್ ಅವರ ಈ ಮಾತು ಮಾತ್ರ ನನ್ನ ಕಣ್ಣಿಗೆ ಒಮ್ಮೆಯೂ ಬೀಳಲಿಲ್ಲ.

2025ರ ಜನವರಿ 20ರಂದು ಟ್ರಂಪ್ ಅಧಿಕಾರ ವಹಿಸಿಕೊಂಡರು. ಮಾರ್ಚ್ ಹೊತ್ತಿಗೆ ಅವರೇ ಆ 24 ಗಂಟೆಗಳ ಮಾತನ್ನು ಸ್ವಲ್ಪ ವ್ಯಂಗ್ಯವಾಗಿ ಹೇಳಿದ್ದೆಂದರು. ಆಗಸ್ಟ್ 15ರಂದು ಅಲಾಸ್ಕಾದಲ್ಲಿ ಪುಟಿನ್ ಅವರನ್ನು ಭೇಟಿಯಾದಾಗಲೂ ಕದನವಿರಾಮ ಆಗಲಿಲ್ಲ. ಇದನ್ನು ಅವರನ್ನು ಹಳಿಯಲೆಂದು ನಾನು ಬರೆಯುತ್ತಿಲ್ಲ. ಹ್ಯಾರಿಸ್ ಗೆದ್ದಿದ್ದರೂ ಉಕ್ರೇನಿನ ಪೂರ್ವದ ಡೊನೆಟ್ಸ್ಕ್ ಪ್ರದೇಶ ಯಾರದು, ಉಕ್ರೇನಿಗೆ ಭದ್ರತೆಯ ಖಾತರಿ ಕೊಡುವವರು ಯಾರು ಎಂಬ ಅದೇ ಗಂಟುಗಳ ಮುಂದೆ ಅವರೂ ನಿಲ್ಲಬೇಕಾಗುತ್ತಿತ್ತು.

ಅಭ್ಯರ್ಥಿಗಳ ಜಗಳವೆಲ್ಲ ವ್ಯರ್ಥವೆಂದು ನನ್ನ ಅಭಿಪ್ರಾಯವಲ್ಲ. 2023ರ ಏಪ್ರಿಲ್‌ನಲ್ಲಿ, ನಮ್ಮ ವಿಧಾನಸಭಾ ಚುನಾವಣೆಗೆ ಒಂದು ತಿಂಗಳೂ ಉಳಿದಿಲ್ಲದಿದ್ದಾಗ ಸುಡಾನಿನಲ್ಲಿ ಸೈನ್ಯ ಮತ್ತು ಅರೆಸೇನಾ ಪಡೆಯ ನಡುವೆ ಕಾದಾಟ ಶುರುವಾಗಿ, ಗಿಡಮೂಲಿಕೆ ಎಣ್ಣೆ ಮಾರಲು ಹೋಗಿದ್ದ ಹಕ್ಕಿಪಿಕ್ಕಿ ಸಮುದಾಯದವರು ಅಲ್ಲಿ ಸಿಕ್ಕಿಬಿದ್ದರು. ಅವರಲ್ಲಿ ನಮ್ಮ ಜಿಲ್ಲೆಯವರೂ ಇದ್ದರು. ಆಗ ವಿರೋಧ ಪಕ್ಷದ ನಾಯಕರಾಗಿದ್ದ ಸಿದ್ದರಾಮಯ್ಯನವರು 31 ಮಂದಿ ಅನ್ನಾಹಾರವಿಲ್ಲದೆ ಸಿಲುಕಿದ್ದಾರೆ, ಕೇಂದ್ರ ಏನೂ ಮಾಡುತ್ತಿಲ್ಲ ಎಂದು ಬರೆದರು. ವಿದೇಶಾಂಗ ಸಚಿವ ಜೈಶಂಕರ್ ಅವರು ಜೀವದ ಪ್ರಶ್ನೆಯಲ್ಲಿ ರಾಜಕೀಯ ಬೇಡವೆಂದು ಖಾರವಾಗಿ ಉತ್ತರಿಸಿದರು. ಮಾತು ಎರಡೂ ಕಡೆ ಬಿರುಸಾಗಿತ್ತು, ನನಗೆ ಹಿಡಿಸಲಿಲ್ಲ. ಆದರೆ ಎಷ್ಟು ಜನ, ಎಲ್ಲಿದ್ದಾರೆ, ಏನಿಲ್ಲದೆ ಕಷ್ಟಪಡುತ್ತಿದ್ದಾರೆ ಎಂಬುದು ಆ ಜಗಳದಲ್ಲಿ ಸ್ಪಷ್ಟವಾಗಿ ಇದ್ದುದರಿಂದ ಉತ್ತರವನ್ನೂ ಸ್ಪಷ್ಟವಾಗಿಯೇ ಕೊಡಬೇಕಾಯಿತು. ಏಪ್ರಿಲ್ 24ರಂದು ಆರಂಭವಾದ ಆಪರೇಷನ್ ಕಾವೇರಿಯಲ್ಲಿ 3,800ಕ್ಕೂ ಹೆಚ್ಚು ಭಾರತೀಯರು ತಾಯ್ನಾಡಿಗೆ ಬಂದರು, ಅವರೊಂದಿಗೆ ನಮ್ಮ ಹಕ್ಕಿಪಿಕ್ಕಿಗಳೂ ಬಂದರು. ಅಭ್ಯರ್ಥಿಗಳು ಜಗಳವಾಡುವುದಿದ್ದರೆ ಹೀಗೆ ಸಂಖ್ಯೆ, ಸ್ಥಳ ಹೇಳಿ ಆಡಲಿ.

ಆದ್ದರಿಂದ ತಮ್ಮಲ್ಲಿ ನನ್ನ ವಿನಂತಿ ಇಷ್ಟೇ. ಅಮೆರಿಕದ್ದಾಗಲಿ, ಇಸ್ರೇಲಿನದ್ದಾಗಲಿ, ನಮ್ಮದೇ ಆಗಲಿ, ಮುಂದೆ ಯಾವ ಚುನಾವಣೆಯಲ್ಲಿ ಅಭ್ಯರ್ಥಿಯೊಬ್ಬರು ಯುದ್ಧ ನಿಲ್ಲಿಸುತ್ತೇನೆಂದು ಹೇಳಿ ಇನ್ನೊಬ್ಬರು ಅದನ್ನು ಅಲ್ಲಗಳೆದರೂ, ಆ ವರದಿಯ ಜೊತೆಗೆ ಒಂದು ಚಿಕ್ಕ ಚೌಕಟ್ಟಿನಲ್ಲಿಯಾದರೂ ಮಾತುಕತೆ ಸದ್ಯ ಯಾವ ವಿಷಯದಲ್ಲಿ ನಿಂತಿದೆ, ಆ ವಿಷಯದಲ್ಲಿ ಈ ಅಭ್ಯರ್ಥಿಗಳು ಏನು ಬಿಟ್ಟುಕೊಡಲು ಸಿದ್ಧರಿದ್ದಾರೆ, ಎದುರು ಪಕ್ಷ ಅದಕ್ಕೆ ಏನು ಹೇಳಿದೆ ಎಂಬುದನ್ನು ತಿಳಿಸಬೇಕು. ಕದನವಿರಾಮದ ಮರುದಿನ ಗೆರೆ ಕಾಯುವವರು ಯಾರು, ಕೈದಿಗಳ ಗತಿಯೇನು, ನೆಲದಲ್ಲಿ ಹುಗಿದಿಟ್ಟ ಮೈನುಗಳನ್ನು ತೆಗೆಯುವವರು ಯಾರು ಎಂಬುದಕ್ಕೆ ಅಭ್ಯರ್ಥಿ ಉತ್ತರಿಸದಿದ್ದರೆ, ಉತ್ತರಿಸಲಿಲ್ಲ ಎಂದೇ ಮುದ್ರಿಸಬೇಕು. ಜಾಗದ ಅಭಾವವೆಂದು ತಾವು ಹೇಳಬಹುದು. ಆದರೆ ಅಭ್ಯರ್ಥಿಗಳಿಬ್ಬರ ಮುಖಗಳನ್ನು ಎದುರುಬದುರು ನಿಲ್ಲಿಸಿದ ಅರ್ಧ ಪುಟದ ಚಿತ್ರವನ್ನು ಸ್ವಲ್ಪ ಚಿಕ್ಕದು ಮಾಡಿದರೆ ಅಷ್ಟು ಜಾಗ ಸಿಗುತ್ತದೆಂದು ನನ್ನ ನಂಬಿಕೆ.

ಅಣ್ಣನಿಗೆ ಈಗ ಎಪ್ಪತ್ತು ದಾಟಿದೆ. ಈ ಪತ್ರವನ್ನು ಅವರ ಎಡಗಿವಿಯ ಹತ್ತಿರ ಓದಿ ಹೇಳಿದ ಮೇಲೆಯೇ ಅಂಚೆಗೆ ಹಾಕುತ್ತಿದ್ದೇನೆ. ಅವರ ಒಪ್ಪಿಗೆ ಪಡೆದು 1989ರ ಆ ಇನ್‌ಲ್ಯಾಂಡ್ ಪತ್ರದ ಜೆರಾಕ್ಸ್ ಪ್ರತಿಯನ್ನೂ ಇದರೊಂದಿಗೆ ಇಟ್ಟಿದ್ದೇನೆ. ಹೆಸರು ಮತ್ತು ಪಲ್ಟನ್ನಿನ ವಿವರ ಇರುವ ಸಾಲುಗಳನ್ನು ಮುಚ್ಚಿದ್ದೇನೆ. ಅದನ್ನು ಪ್ರಕಟಿಸಬೇಕೆಂದು ಕೇಳುತ್ತಿಲ್ಲ, ತಮ್ಮ ಕಚೇರಿಯಲ್ಲಿ ಶೀರ್ಷಿಕೆ ಬರೆಯುವವರು ಅದರ ಕೆಳಗಿನ ಅಂಚನ್ನು ಒಮ್ಮೆ ಓದಿದರೆ ಸಾಕು.

ಇತಿ ತಮ್ಮ ವಿಶ್ವಾಸಿ,
ಅಡಿಕೆ ಬೆಳೆಗಾರ, ತೀರ್ಥಹಳ್ಳಿ ತಾಲ್ಲೂಕು, ಶಿವಮೊಗ್ಗ ಜಿಲ್ಲೆ